ದೇವದುರ್ಗದ ಬಸ್ಸಿಗೆ ಹಾಕಿದ ಹಿಡಿ ಅಕ್ಕಿ

ಕಳೆದ ವಾರ ಹೊಸ ಚೀಲ ಬಿಚ್ಚಿ ಅನ್ನಕ್ಕಿಟ್ಟಿದ್ದೆ. ಗಂಜಿ ಉಕ್ಕಿದಾಗ ಬಂದ ವಾಸನೆ ನನ್ನನ್ನು ರಾಯಚೂರಿನ ಈ ಅಡುಗೆಮನೆಯಿಂದ ಸೀದಾ ಮಾನ್ವಿಗೆ ಕರೆದುಕೊಂಡು ಹೋಯಿತು. ಹಳೆಯ ಸೋನಾ ಮಸೂರಿಯ ಆ ವಾಸನೆ... ಹೇಗೆಂದು ಹೇಳಲಿ, ಟ್ರಂಕಿನಿಂದ ತೆಗೆದ ಮಡಿ ಸೀರೆಯಂಥದ್ದು.

ಮಾನ್ವಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಅಕ್ಕಿ ಅಂಗಡಿ ಇಟ್ಟಿದ್ದರು. ಕೇಳಿದ ಕೂಡಲೇ ಅವರು ಯಾರಿಗೂ ಚೀಲ ಕೊಟ್ಟವರಲ್ಲ. ಒಂದು ಹಿಡಿ ಅಕ್ಕಿಯನ್ನು ಪೇಪರಿನಲ್ಲಿ ಕಟ್ಟಿ, "ಮೊದ್ಲ ಇದನ್ನ ಅನ್ನ ಮಾಡಿ ಉಂಡು ನೋಡ್ರಿ, ಆಮ್ಯಾಗ ಬರ್ರಿ" ಎಂದು ಕಳಿಸುತ್ತಿದ್ದರು. ಮರುದಿನ ಹೋದರೆ ವಿಚಾರಣೆ. ಅಗುಳು ಬಿಡಿಬಿಡಿಯಾಗಿತ್ತೋ, ರಾತ್ರಿಗೂ ಮೆತ್ತಗಿತ್ತೋ, ಮನೆಯಲ್ಲಿ ಹಲ್ಲಿಲ್ಲದವರು ಎಷ್ಟು ಮಂದಿ... ಮಗಳಿಗೆ ಗಂಡು ನೋಡುವಾಗಲೂ ಇವರು ಇಷ್ಟು ಕೇಳಲಿಕ್ಕಿಲ್ಲ ಎಂದು ನಮ್ಮವ್ವ ನಗುತ್ತಿದ್ದಳು.

ಆಮೇಲೆ ಜನ ಫೋನಿನಲ್ಲೇ ಅಕ್ಕಿ ತರಿಸತೊಡಗಿದರು. ಬೆರಳು ಒತ್ತಿದರೆ ಚೀಲ ಬಾಗಿಲಿಗೆ ಬಂದು ಬೀಳುತ್ತಿತ್ತು. ಕಾಕಾನ ಅಂಗಡಿಯಲ್ಲಿ ಗುಬ್ಬಿಗಳೇ ಗಿರಾಕಿಗಳಾದವು. ಯುಗಾದಿ ಆದ ಮೇಲೆ ಬಾಗಿಲು ಹಾಕಿ ಜಾಗವನ್ನು ಬಾಡಿಗೆಗೆ ಕೊಡುತ್ತೇನೆ ಎಂದರು. ಆಗ ನಾನು ಅಲ್ಲಿಯ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಅಕ್ಕಿಯ ಫೋಟೊ ತೆಗೆದು, ನನ್ನ ನಂಬರನ್ನೇ ಹಾಕಿ, ಮೊಬೈಲಿನಲ್ಲಿ ಅಂಗಡಿಗೊಂದು ಪುಟ ಮಾಡಿಕೊಟ್ಟೆ.

ಮೊದಲ ವಾರವೇ ಐದು ಆರ್ಡರ್ ಬಂದವು, ಅದರಲ್ಲಿ ಮೂರು ದೇವದುರ್ಗದಿಂದ! ನಾನು ಕುಣಿದಾಡುವುದೊಂದು ಬಾಕಿ. ಕಾಕಾ ಪರಿಚಯದ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದ್ದೂ ಆಯಿತು. ಮರುದಿನ ದೇವದುರ್ಗದ ಹೆಣ್ಣುಮಗಳೊಬ್ಬಳು ಫೋನು ಮಾಡಿ ನನ್ನನ್ನು ತರಾಟೆಗೆ ತೆಗೆದುಕೊಂಡಳು. "ಏನ್ರೀ, ಇಪ್ಪತ್ತೈದು ಕೇಜಿ ಚೀಲ ಕೇಳಿದ್ರ ಒಂದು ಹಿಡಿ ಕಳಿಸೀರಲ್ಲ, ಚಾಷ್ಟಿ ಮಾಡಾಕತ್ತೀರೇನು?"

ಐದೂ ಮನೆಗೆ ಒಂದೊಂದು ಹಿಡಿ ಅಕ್ಕಿ ಕಟ್ಟಿ, ಹೆಸರು ಬರೆದು ಬಸ್ಸಿಗೆ ಹಾಕಿದ್ದರು ಪುಣ್ಯಾತ್ಮ! ನಾನು ಅಂಗಡಿಗೆ ಓಡಿದೆ.

"ಕಾಕಾ, ಅವ್ರು ನೋಡಾಕ ಕೇಳಿಲ್ರಿ. ಕೊಂಡೇಬಿಟ್ಟಾರ!"

"ಉಣ್ಣದ ಹೆಂಗ ಕೊಳ್ತಾರ ಯವ್ವಾ?"

ಅವರ ಮುಖದಲ್ಲಿ ತಮಾಷೆ ಇರಲಿಲ್ಲ, ನಿಜವಾಗಿಯೂ ಅರ್ಥವಾಗಿರಲಿಲ್ಲ. ಸಂಜೆಯೊಳಗೆ ನಾಲ್ಕು ಆರ್ಡರ್ ರದ್ದಾದವು. ಸಿಟ್ಟಿಗೆ ಎರಡು ದಿನ ನಾನು ಕಾಕಾನ ಜೊತೆ ಮಾತು ಬಿಟ್ಟೆ.

ಮೂರನೆಯ ದಿನ ಅದೇ ದೇವದುರ್ಗದವಳ ಫೋನು. ಬಿಸಾಡಲು ಮನಸ್ಸಾಗದೆ ಆ ಹಿಡಿ ಅಕ್ಕಿಯನ್ನು ಅತ್ತೆಗೆಂದು ಬೇಯಿಸಿದ್ದಳಂತೆ. "ನಮ್ಮತ್ತಿ ಇನ್ನಷ್ಟು ನೀಡು ಅಂದ್ರು, ಉಳಿದಿದ್ದಿಲ್ಲ. ಎರಡು ಚೀಲ ಕಳಿಸ್ರಿ. ಬಾಜು ಮನಿಯವ್ರಿಗೂ ಒಂದು ಹಿಡಿ ಕಟ್ರಿ." ಅಂದೇ ಪುಟದ ನೆತ್ತಿಗೆ "ಮೊದಲು ಒಂದು ಹಿಡಿ, ಆಮೇಲೆ ಚೀಲ" ಎಂದು ಬರೆದೆ. ಯುಗಾದಿ ಬಂದು ಹೋಯಿತು, ಅಂಗಡಿಯ ಬಾಗಿಲು ಮುಚ್ಚಲಿಲ್ಲ. ಹಿಡಿ ಅಕ್ಕಿ ಹೋದ ಮನೆಗೆಲ್ಲ ಕಾಕಾ ತಾವೇ ಫೋನು ಮಾಡುತ್ತಿದ್ದರು, ದೇವದುರ್ಗಕ್ಕೆ ಫೋನಿಲ್ಲದೆಯೇ ಕೇಳಿಸುವಷ್ಟು ಜೋರಾಗಿ: "ಅನ್ನ ಹೆಂಗಾಗಿತ್ತವ್ವಾ?"

ಕಾಕಾ ತೀರಿಕೊಂಡು ಎರಡು ವರ್ಷವಾಯಿತು. ಈಗ ಅಂಗಡಿ ನಡೆಸುವವಳು ಅವರ ಮಗಳು. ದೂರದ ಊರುಗಳಿಗೂ ಚೀಲ ಕಳಿಸುತ್ತಾಳೆ. ಹಿಡಿ ಅಕ್ಕಿ ಉಂಡು ನೋಡುವಷ್ಟು ಪುರುಸೊತ್ತು ಯಾರಿಗೂ ಇಲ್ಲವೆಂದು ಆ ಸಾಲನ್ನು ಪುಟದಿಂದ ತೆಗೆದಿದ್ದಾಳೆ. ಅವಳದೇನೂ ತಪ್ಪಿಲ್ಲ, ಅಂಗಡಿ ತುಂಬಿರುವುದು ನೋಡಿ ನನಗೆ ಸಂತೋಷವೇ. ನನ್ನ ಮನೆಯ ಈ ಚೀಲವೂ ಅಲ್ಲಿಂದಲೇ ಬಂದದ್ದು. ಊಟವಾಗುತ್ತಲೇ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಫೋನು ಕೇಳಿತು. ಐದೂ ಒತ್ತಿದೆ. ಯಾಕೋ ಸಮಾಧಾನವಾಗದೆ ಅವಳಿಗೇ ಫೋನು ಮಾಡಿದೆ.

"ಅನ್ನ ಭಾಳ ಛಲೋ ಆಗಿತ್ತವ್ವಾ," ಎಂದೆ.



"ಅಕ್ಕಾ, ಅಪ್ಪ ಹೋದ ಮ್ಯಾಲ ಈ ಮಾತು ಯಾರೂ ಹೇಳಿದ್ದಿಲ್ರಿ."