ದೇವಿಯಾಗಿ ಕೂತ ಮಗುವಿಗೆ ಲೆಕ್ಕದ ಟೆಸ್ಟ್ ಇತ್ತು

ಇವತ್ತು ಶುಕ್ರವಾರದ ಉಪವಾಸ. ಹೊಸ್ತಿಲು ತೊಳೆದು, ರಂಗೋಲಿ ಹಾಕಿ, ಕೋಸಂಬರಿಗೆ ಬೇಳೆ ನೆನೆಸಿಟ್ಟೆ. ವ್ರತ ಮುಗಿಸುವ ದಿನ; ಒಂದು ಹೆಣ್ಣುಮಗುವನ್ನು ದೇವಿಯೆಂದು ಕೂರಿಸಿ ಪೂಜಿಸಬೇಕಿತ್ತು. ನಮ್ಮ ಕಟ್ಟಡದ ಮೆಟ್ಟಿಲು ಗುಡಿಸುವ ಗೌರಮ್ಮನ ಮಗಳು ಪವಿತ್ರಾ ಬ್ಯಾಗ್ ಹಾಕಿಕೊಂಡು ಸ್ಕೂಲಿಗೆ ಹೊರಟಿದ್ದಳು.

"ಒಂದ್ ಗಳಿಗೆ ಕಳ್ಸೇ ಗೌರಮ್ಮ" ಎಂದೆ. ಅವಳು ಇಲ್ಲವೆನ್ನಲಾಗದೆ ಕಳಿಸಿದಳು.

ಸ್ನೇಹಿತರೇ, ನನ್ನ ಒಂದು ಗಳಿಗೆ ನಿಮಗೆ ಗೊತ್ತಲ್ಲ! ಪಾದ ತೊಳೆದು, ಅರಿಶಿನ ಹಚ್ಚಿ, ಸಹಸ್ರನಾಮ ಶುರುಮಾಡಿದೆ. ಮಗು ಗಡಿಯಾರ ನೋಡುತ್ತಾ ಕಣ್ಣು ತುಂಬಿಕೊಂಡಿತು. ನಾನೋ, ಸಾಕ್ಷಾತ್ ದೇವಿಯೇ ಒಲಿದಳೆಂದು ಇನ್ನೂ ಜೋರಾಗಿ ಹೇಳಿದೆ. ಕೊನೆಗೆ ಕೈಮುಗಿದು, "ಏನ್ ಬೇಕೋ ಕೇಳು ತಾಯಿ" ಎಂದೆ.

"ಸ್ಕೂಲಿಗೆ ಬಿಡಿ ಆಂಟಿ, ಲೆಕ್ಕದ ಟೆಸ್ಟ್ ಇದೆ!"

ಆಟೋ ಹಿಡಿದು ಓಡಿದೆವು. ಟೆಸ್ಟ್ ಮುಗಿದಿತ್ತು. ಟೀಚರ್ ನನ್ನನ್ನೇ ದಿಟ್ಟಿಸಿದರು.

"ಮನೆಗೆಲ್ಸಕ್ಕೆ ಇಟ್ಕೊಂಡಿದ್ರಾ?"

"ಅಯ್ಯೋ ಇಲ್ಲಮ್ಮ, ಪೂಜೆಗೆ!"

"ಯಾವ್ದಕ್ಕಾದ್ರೂ ಅಷ್ಟೇ ಅಮ್ಮಾ. ಓದೋದು ಅವಳ ಹಕ್ಕು. ತಡ ಯಾಕಾಯ್ತು ಅಂತ ನೀವೇ ಬರ್ದುಕೊಡಿ, ಮಗು ಕೈಲಿ ಕಳಿಸ್ಬೇಡಿ. ಸೋಮವಾರ ಮತ್ತೆ ಟೆಸ್ಟ್ ಕೊಡ್ತೀನಿ."

ಮೊನ್ನೆ ಮಹಿಳಾ ಸಂಘದಲ್ಲಿ ಮೈಕ್ ಹಿಡಿದು ಮಕ್ಕಳ ಹಕ್ಕುಗಳ ಬಗ್ಗೆ ಭಾಷಣ ಬಿಗಿದವಳು ನಾನೇ ಎಂದು ಅವರಿಗೆ ಹೇಳಲಿಲ್ಲ.

ಈಗ ಟೀಚರ್ ಕೇಳಿದ ಚೀಟಿ ಬರೆದಿಟ್ಟಿದ್ದೇನೆ: "ಮಗುವಿನದೇನೂ ತಪ್ಪಿಲ್ಲ. ನನ್ನ ಭಕ್ತಿ ಸ್ವಲ್ಪ ಜಾಸ್ತಿಯಾಗಿತ್ತು." ಸೋಮವಾರ ಬೆಳಿಗ್ಗೆ ಶ್ರೀಗಂಧದ ಕಾವಲ್‌ನಲ್ಲಿರುವ ಪವಿತ್ರಾಳ ಸ್ಕೂಲಿನ ಕಡೆ ಹೋಗುವವರು ಯಾರಾದರೂ ಮನೆಗೆ ಬಂದು ಇದನ್ನು ತೆಗೆದುಕೊಂಡು ಹೋಗಿ. ಆ ಟೀಚರ್ ಮುಂದೆ ಇನ್ನೊಮ್ಮೆ ನಿಲ್ಲುವ ಧೈರ್ಯವನ್ನು ದೇವರು ನನಗಿನ್ನೂ ಕೊಟ್ಟಿಲ್ಲ.