ವಿಳಾಸದ ಕಾಲಮ್ಮಿನೊಳಗೆ ಗುರುವಾರ

ಆ ದಿನ ಸೊಲ್ಲಾಪುರದ ನಮ್ಮ ಆಫೀಸಿನಲ್ಲಿ ಪುಣೆಯ ಮುಖ್ಯ ಕಚೇರಿಯಿಂದ ಬಂದ ಸಾಹೇಬರಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಇಬ್ಬರಿದ್ದರು: ಹೋಟಗಿಯಿಂದ ದಿನವೂ ರೈಲಿನಲ್ಲಿ ಬಂದುಹೋಗುವ ಹುಡುಗಿ, ನಾಗಣಸೂರಿನ ಒಬ್ಬ ತರುಣ. ಅವರಿಗೆ ಕೆಲಸ ಕಲಿಸಬೇಕಾದವಳು ನಾನು; ಇಬ್ಬರೂ ನನ್ನನ್ನು ಮಾವಶಿ ಎನ್ನುತ್ತಿದ್ದರು. ಬಾಗಿಲ ಬಳಿಯ ಬೆಂಚಿನ ಮೇಲೆ ತಡವಳದ ಒಬ್ಬ ತಾಯಿ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಎಲ್ಲರಿಗೂ ಚಹಾ ಬಂದಿತ್ತು. ಅವಳು ಮಾತ್ರ ಕಪ್ಪು ಮುಟ್ಟಿರಲಿಲ್ಲ.

ನಮ್ಮದು ದಾರಿ ತೋರಿಸುವ ಕೆಲಸ. ಕಿವಿಯ ಮಷಿನ್ ಎಲ್ಲಿ ಸಿಗುತ್ತದೆ, ಗಂಡನ ಹೊಡೆತ ತಾಳದೆ ಹೊರಬಿದ್ದವಳು ಇವತ್ತು ಎಲ್ಲಿ ಉಳಿಯಬೇಕು, ಅಂಗವಿಕಲರ ಸರ್ಟಿಫಿಕೇಟಿಗೆ ಯಾವ ಕಿಟಕಿಯ ಮುಂದೆ ನಿಲ್ಲಬೇಕು ಎಂದು ಜನ ಫೋನ್ ಮಾಡಿ ಕೇಳುತ್ತಾರೆ. ನಾವು ಕಂಪ್ಯೂಟರಿನಲ್ಲಿ ನೋಡಿ ಹೇಳುತ್ತೇವೆ. ಇಂಥ ಊರಲ್ಲಿ ಇಂಥ ಕೇಂದ್ರ, ಇಂಥ ವಾರ, ಇಂಥ ವಿಳಾಸ. ಕಂಪ್ಯೂಟರಿನಲ್ಲಿರುವುದು ನಿಜವಾಗಿದ್ದರೆ ನಾವು ಉಪಯೋಗದ ಮಂದಿ. ಸುಳ್ಳಾಗಿದ್ದರೆ, ನಡೆಯಲಾರದವರನ್ನು ಬಿಸಿಲಲ್ಲಿ ಓಡಾಡಿಸುವ ಮಂದಿ.

ಆ ತಾಯಿಯ ಮಗಳ ಕಾಲುಗಳು ಹುಟ್ಟಿದಾಗಿನಿಂದ ಬಿಗಿ. ವಾರಕ್ಕೊಮ್ಮೆಯಾದರೂ ತಿಳಿದವರ ಕೈಯಿಂದ ವ್ಯಾಯಾಮ ಮಾಡಿಸದಿದ್ದರೆ ಮೊಣಕಾಲುಗಳು ಹಾಗೇ ಸೆಟೆದುಕೊಂಡುಬಿಡುತ್ತವೆ ಎಂದು ಡಾಕ್ಟರರು ಹೇಳಿದ್ದರು. ವಾರವಾರವೂ ಸೊಲ್ಲಾಪುರಕ್ಕೆ ಬರುವುದು ಆಗದ ಮಾತು. ಅಕ್ಕಲಕೋಟದಲ್ಲಿ ಒಂದು ಕೇಂದ್ರವಿದೆ ಎಂದು ನಾವು ಹೇಳಿ ಕಳಿಸಿದ್ದೆವು.

"ಹ್ವಾದೆ. ಕೀಲಿ ಹಾಕಿತ್ತು," ಎಂದಳು ಆಕೆ, ನನ್ನನ್ನೇ ನೋಡುತ್ತ. "ಇಕಿನ್ನ ಎತ್ಕೊಂಡು ಎಸ್‌ಟಿ ಬಸ್ ಹತ್ತೂದಂದ್ರ ಏನಂತ ತಿಳದೀರಿ ಬಾಯಾರ? ಇನ್ನೊಮ್ಮಿ ಹಿಂಗಾದ್ರ ನಾ ಮನಿ ಬಿಟ್ಟು ಹೊರಬೀಳಂಗಿಲ್ಲ. ಕಾಲು ಹ್ಯಾಂಗ ಅದಾವೋ ಹಂಗ ಇರ್ಲಿ."

ಹೋಟಗಿಯ ಹುಡುಗಿಯ ಮುಖ ಸಣ್ಣದಾಯಿತು. "ನಾ ಫೋನ್ ಮಾಡಿ ಕೇಳೀನಿ ಮಾವಶಿ. ಬರ್ರಿ ಬರ್ರಿ ಅಂದ್ರು. ಚಾಲೂ ಅದ ಅಂತ ತಿಳದು ಹಸರು ಮಾಡೀನಿ."

ಫೋನಿನಲ್ಲಿ ಖಾತ್ರಿ ಮಾಡಿಕೊಂಡರೆ ಕಂಪ್ಯೂಟರಿನಲ್ಲಿ ಆ ಸಾಲು ಹಸಿರಾಗುತ್ತದೆ. ಸಾಹೇಬರಿಗೆ ಹಸಿರಿನ ಮೇಲೆ ಬಹಳ ಪ್ರೀತಿ. ಅವರು ಮರಾಠಿಯಲ್ಲಿ, ಸಮಾಧಾನವಾಗಿಯೇ ಹೇಳಿದರು: ಪ್ರಶ್ನೆ ಇನ್ನಷ್ಟು ಬಿಗಿಯಾಗಿರಬೇಕು, ಚಾಲೂ ಇದೆಯೋ ಇಲ್ಲವೋ ಎಂದಷ್ಟೇ ಕೇಳಬೇಕು, ತಿಂಗಳ ಕೊನೆಗೆ ಅಕ್ಕಲಕೋಟ ತಾಲೂಕು ಪೂರ್ತಿ ಹಸಿರಾಗಬೇಕು. ಷರಾ ಎಂಬ ಕೊನೆಯ ಕಾಲಮ್ಮನ್ನು ತೆಗೆದುಹಾಕುತ್ತೇವೆ, ಅದರಲ್ಲಿ ನೀವು ಕಥೆ ಬರೆಯುತ್ತೀರಿ, ಕಥೆ ರಿಪೋರ್ಟಿಗೆ ಬರುವುದಿಲ್ಲ.

ಬಿಗಿ ಪ್ರಶ್ನೆ ಕೇಳಿದರೆ ನಿಜ ಹೊರಬರುವ ಸೀಮೆಯಲ್ಲ ನಮ್ಮದು. ಬರಲೇ ಎಂದು ಕೇಳಿದವರಿಗೆ ಬರಬೇಡ ಎನ್ನುವ ನಾಲಿಗೆ ಈ ಕಡೆ ಇಲ್ಲ. ಮನೆಯಲ್ಲಿ ಹಿಟ್ಟಿಲ್ಲದಿದ್ದರೂ ಬರ್ರಿ, ಊಟಕ್ಕ ಕೂಡ್ರಿ ಎನ್ನುತ್ತಾರೆ. ನಮ್ಮ ಸೋದರತ್ತೆಗೆ ಇದು ಚೆನ್ನಾಗಿ ಗೊತ್ತಿತ್ತು. ನಮ್ಮ ಮನೆತನದ ಎಲ್ಲ ಹೆಣ್ಣುಮಕ್ಕಳ ಸಂಬಂಧ ನೋಡಿದವಳು ಅವಳೇ. "ಹೆಣ್ಣ ಕೊಡೂ ಮನಿ ಹ್ಯಾಂಗ ಅದ ಅಂತ ಆ ಮನಿಯವರನ್ನ ಕೇಳಬ್ಯಾಡ. ಹಿಟ್ಟಿನ ಗಿರಣ್ಯಾಗ ಹೋಗಿ ಕೂಡು," ಎನ್ನುತ್ತಿದ್ದಳು. ಜೋಳದ ಡಬ್ಬಿ ಹೊತ್ತು ಬರುವುದು ಸೊಸೆಯೋ ಗಂಡನೋ, ಬೀಸುವ ತನಕ ಆಕೆ ನಗುತ್ತ ಮಾತಾಡುತ್ತಾಳೋ ಗೋಡೆ ನೋಡುತ್ತ ನಿಲ್ಲುತ್ತಾಳೋ, ಎಲ್ಲ ಅಲ್ಲಿ ಕಾಣುತ್ತದೆ. ಅವಳು ಗಿರಣಿಯಲ್ಲಿ ಕೂತು ಮುರಿದ ಸಂಬಂಧಗಳು ಬಹಳ. ಅವಕ್ಕಾಗಿ ಯಾರೂ ಅತ್ತದ್ದಿಲ್ಲ.

"ನಾಳೆ ಈ ಇಬ್ಬರನ್ನೂ ಅಕ್ಕಲಕೋಟಕ್ಕೆ ಕರೆದುಕೊಂಡು ಹೋಗುತ್ತೇನೆ," ಎಂದೆ.

ಸಾಹೇಬರು ಕನ್ನಡಕ ತೆಗೆದರು. "ತರಬೇತಿ ಈ ಕೋಣೆಯಲ್ಲಿ, ಈ ಕಂಪ್ಯೂಟರಿನ ಮುಂದೆ ಆಗಬೇಕೆಂದು ಬರೆದು ಕಳಿಸಿದ್ದೇವೆ. ನೀವು ಪರವಾನಗಿ ಕೇಳುತ್ತಿದ್ದೀರೋ, ತಿಳಿಸುತ್ತಿದ್ದೀರೋ?"

"ತಿಳಿಸುತ್ತಿದ್ದೇನೆ."

ತಾಯಿ ಮಗಳನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. ಚಹಾ ಆರಿ ಕೆನೆ ಕಟ್ಟಿತ್ತು.

ಮರುದಿನ ಅಕ್ಕಲಕೋಟದ ಆ ಕೇಂದ್ರದ ಮುಂದೆ ನಿಂತೆವು. ಕೀಲಿ ಹಾಗೇ ಇತ್ತು. ವಾಚಮನ್ ಒಬ್ಬ ತುಳಸಿಗೆ ನೀರು ಹಾಕುತ್ತಿದ್ದ. ಫೋನ್ ಎತ್ತಿದವನೂ ಅವನೇ. ವ್ಯಾಯಾಮ ಮಾಡಿಸುವ ಡಾಕ್ಟರು ಎಂದೋ ತಮ್ಮೂರಿಗೆ ಹೊರಟುಹೋಗಿದ್ದರು.

"ಮತ್ತ ಬರ್ರಿ ಯಾಕ ಅಂದ್ರಿ ಕಾಕಾ?" ಎಂದಳು ಹುಡುಗಿ.

"ಏನವ್ವ, ಬರಬ್ಯಾಡ್ರಿ ಅನ್ಲೇನು? ಗಂಟಲದಾಗ ಬರ್ತದೇನು ಆ ಮಾತು?" ಅವನಿಗೆ ನಿಜಕ್ಕೂ ನೋವಾಗಿತ್ತು. "ಬಂದವರಿಗೆ ನೀರು ಕೊಟ್ಟೀನಿ. ಆ ಕೂಸಿನ ಅವ್ವಗೂ ಕೊಟ್ಟೀನಿ. ಬೇಕಾದ್ರ ಕೇಳ್ರಿ."

ನಾಗಣಸೂರಿನ ತರುಣ ಮುಖ ತಿರುಗಿಸಿ ನಕ್ಕ. ನಾನು ಇಬ್ಬರನ್ನೂ ಓಣಿಯ ಮೂಲೆಯ ಹಿಟ್ಟಿನ ಗಿರಣಿಗೆ ಕರೆದುಕೊಂಡು ಹೋದೆ. "ಚಾಲೂ ಅದನೋ ಬಂದೋ ಅಂತ ಕೇಳಬ್ಯಾಡ್ರಿ. ಕಡೀಗೆ ಯಾರು ಹೋಗಿ ಬಂದ್ರು ಅಂತ ಕೇಳ್ರಿ," ಎಂದು ಹೇಳಿಕೊಟ್ಟೆ. ಅದೇ ನನ್ನ ತರಬೇತಿ. ಉಳಿದದ್ದೆಲ್ಲ ಟೈಪಿಂಗು.

ಮಕ್ಕಳ ಕಾಲಿನ ವ್ಯಾಯಾಮಕ್ಕೆ ಕಡೆಗೆ ಯಾರು ಹೋಗಿ ಬಂದರು ಎಂದು ಹುಡುಗಿ ಗಿರಣಿಯ ಸದ್ದನ್ನು ಮೀರಿ ಕೂಗಿ ಕೇಳಿದಳು. ಗಿರಣಿ ನಡೆಸುವಾಕೆ ತಲೆಯ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತ, ಹಿಂದಿನ ಓಣಿಯ ಅಜ್ಜಿಯೊಬ್ಬಳು ಮೊಮ್ಮಗನನ್ನು ಬಸ್ ಸ್ಟ್ಯಾಂಡಿನ ಹಿಂದಿನ ಹಾಲ್‌ಗೆ ಎತ್ತಿಕೊಂಡು ಹೋಗುತ್ತಾಳೆ, ಅಲ್ಲಿ ಒಬ್ಬ ಹೆಣ್ಣುಮಗಳು ಮಕ್ಕಳ ಕಾಲು ತಿದ್ದುತ್ತಾಳೆ ಎಂದಳು. ಆ ಹಾಲ್ ನಮ್ಮ ಕಂಪ್ಯೂಟರಿನಲ್ಲಿ ಇರಲೇ ಇಲ್ಲ.

ಹೋದೆವು. ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಮಕ್ಕಳು. ಗೋಡೆಗೆ ಕಟ್ಟಿದ ಬಿದಿರು ಹಿಡಿದುಕೊಂಡು ಒಬ್ಬ ಹುಡುಗ ಬೈಯುತ್ತ ಬೈಯುತ್ತ ನಡೆಯುತ್ತಿದ್ದ. ವ್ಯಾಯಾಮ ಮಾಡಿಸುವ ಬಾಯಾರು ಸೋಮವಾರ ಮತ್ತು ಗುರುವಾರ ಬರುತ್ತಾರಂತೆ. ನಾವು ಹೋದದ್ದು ಗುರುವಾರ.

"ತಡವಳದಿಂದ ಗುರುವಾರ ಬರೂದು ಆಗಂಗಿಲ್ಲ ಮಾವಶಿ," ಎಂದ ತರುಣ. "ಇಲ್ಲಿ ಸ್ವಾಮಿಗಳ ಗುಡಿಗೆ ದರ್ಶನಕ್ಕ ಬರೂ ಮಂದಿ ಬಸ್ಸಿನ್ಯಾಗ ತುಂಬಿರ್ತದ. ನಿಂದ್ರಾಕ ಜಾಗ ಇರಂಗಿಲ್ಲ, ಕೂಸಿನ್ನ ಎಲ್ಲಿ ಮಲಗಸ್ತಾಳ?"

ಹುಡುಗಿ ಅಲ್ಲಿಂದಲೇ ತಡವಳಕ್ಕೆ ಫೋನ್ ಹಚ್ಚಿದಳು. ಹಾಲ್ ಸಿಕ್ಕ ಸುದ್ದಿ ಹೇಳಿದಳು. ಆ ತಾಯಿ ಕೇಳಿದಳು, "ನೀ ಎಲ್ಲಿಂದ ಮಾತಾಡಾಕತ್ತಿ?"

"ಹಾಲ್‌ನ್ಯಾಗ ನಿಂತೀನ್ರಿ ಅಕ್ಕಾರ. ನನ್ನ ಮುಂದ ಒಬ್ಬ ಹುಡುಗ ನಡ್ಯಾಕತ್ತಾನ."

"ಪಾವಟಿಗಿ ಎಷ್ಟ ಅವ?"

ಹುಡುಗಿ ಬಾಗಿಲಿಗೆ ಓಡಿ ಮೆಟ್ಟಿಲು ನೋಡಿ ಬಂದಳು. "ಎರಡು. ಎತ್ತರ ಅವ. ಆದ್ರ ಎತ್ತಾಕ ಇಲ್ಲಿ ಮಂದಿ ಅದಾರ. ಸೋಮವಾರ ಬರ್ರಿ, ಗುರುವಾರ ಬ್ಯಾಡ."

"ನೋಡೂಣು," ಎಂದು ಆಕೆ ಫೋನಿಟ್ಟಳು. ಆಗಲ್ಲ ಎನ್ನಲಾಗದವರು ನಮ್ಮಲ್ಲಿ ನೋಡೂಣು ಎನ್ನುತ್ತಾರೆ. ವಾಪಸು ಬಂದ ಕೂಡಲೇ ಆ ಹಾಲ್ ಅನ್ನು ಕಂಪ್ಯೂಟರಿಗೆ ಸೇರಿಸಿದೆವು.

ಹೊಸ ಕೇಂದ್ರದ ಷರಾದಲ್ಲಿ ಹುಡುಗಿಯೇ ಬರೆದಳು: ಗುರುವಾರ ಹಳ್ಳಿಯಿಂದ ಮಗುವನ್ನು ಕರೆತರಬೇಡಿ, ಬಸ್ಸಿನಲ್ಲಿ ಜಾಗವಿಲ್ಲ; ಎರಡು ಎತ್ತರದ ಮೆಟ್ಟಿಲು; ಎತ್ತಲು ಜನರಿದ್ದಾರೆ. ಅವಳಿಗೆ ಕನ್ನಡ ಓದಲು ಬಾರದು, ಮರಾಠಿ ಅಕ್ಷರಗಳಲ್ಲೇ ನಮ್ಮ ಮಾತನ್ನು ಬರೆದಳು, ಫೋನಿನಲ್ಲಿ ಕೇಳಿದವರಿಗೆ ಹಾಗೇ ಓದಿ ಹೇಳಲು ಬರಲಿ ಎಂದು.

ಕೆಲವೇ ದಿನಗಳಲ್ಲಿ, ಹೇಳಿದ ಹಾಗೆ, ಷರಾದ ಕಾಲಮ್ಮು ಮಾಯವಾಯಿತು. ಅದರೊಳಗಿನ ಅಕ್ಷರಗಳೂ ಹೋದವು. ನಾನು ಸಿಟ್ಟಿನಿಂದ ಪುಣೆಗೆ ಏನು ಬರೆಯಲಿ ಎಂದು ಯೋಚಿಸುತ್ತ ಕೂತಿದ್ದೆ. ಆ ಹುಡುಗಿ ಯೋಚಿಸಲೇ ಇಲ್ಲ. ವಿಳಾಸದ ಕಾಲಮ್ಮು ತೆರೆದು, ಬಸ್ ಸ್ಟ್ಯಾಂಡಿನ ಹಿಂದೆ ಎಂಬುದರ ಪಕ್ಕದಲ್ಲೇ, ಗುರುವಾರವನ್ನೂ ಮೆಟ್ಟಿಲನ್ನೂ ಕೂರಿಸಿದಳು. ನಾಗಣಸೂರಿನ ತರುಣ ತನ್ನ ಪಾಲಿನ ಹಳ್ಳಿಗಳಿಗೆಲ್ಲ ಹಾಗೇ ಮಾಡಿದ. ನಾನು ನನ್ನ ಕಾಗದ ಮಡಚಿಟ್ಟು ಅವರ ಜೊತೆ ಟೈಪು ಮಾಡಲು ಕೂತೆ.

ಸಾಹೇಬರ ಫೋನು ಬಂತು. ಹುಡುಗಿಯನ್ನೇ ಕೇಳಿದರು, ವಿಳಾಸದೊಳಗೆ ಗುರುವಾರ ಯಾಕೆ ಬಂತು ಎಂದು.

"ಅದಿಲ್ಲದೆ ಅಲ್ಲಿ ಹೋಗಿ ಮುಟ್ಟಲಾಗುವುದಿಲ್ಲ ಸರ್," ಎಂದಳು ಅಚ್ಚ ಮರಾಠಿಯಲ್ಲಿ. "ಹೋಗಿ ಮುಟ್ಟುವುದಕ್ಕೇ ಅಲ್ಲವೇ ವಿಳಾಸ?"

ಅವಳ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅದನ್ನು ಅವರು ನೆನಪಿಸಿದರು. ಹೌದು ಸರ್, ಗೊತ್ತಿದೆ ಎಂದಳು, ಫೋನಿಟ್ಟಳು, ಮುಂದಿನ ಸಾಲು ತೆರೆದಳು. ಆ ತಿಂಗಳು ಅಕ್ಕಲಕೋಟ ತಾಲೂಕು ಅರ್ಧವೂ ಹಸಿರಾಗಲಿಲ್ಲ. ನೋಡಿ ಬಂದಷ್ಟೇ ಹಸಿರು ಎಂದು ವರದಿಯಲ್ಲಿ ಬರೆದು ಮೂವರೂ ಸಹಿ ಹಾಕಿದೆವು.

ತಡವಳದ ತಾಯಿಯ ಸುದ್ದಿ ಇರಲಿಲ್ಲ. ಹುಡುಗಿ ಮತ್ತೆ ಫೋನ್ ಮಾಡಲು ಹಿಂಜರಿದಳು. ಮಾಡಿದರೆ ಮತ್ತೆ ನೋಡೂಣು ಎನ್ನುತ್ತಾಳೆ ಎಂಬ ಹೆದರಿಕೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಆ ತಾಯಿಯೇ ಫೋನ್ ಮಾಡಿದಳು.

"ಅಕ್ಕಲಕೋಟದ ಹಾಲ್‌ಂದು ಆ ಎರಡು ಪಾವಟಿಗಿ ತಗದಾರ. ಇಳಿಜಾರ ಮಾಡ್ಯಾರ. ನಿಮ್ಮದ್ರಾಗ ಬದ್ಲ ಮಾಡ್ಕೋರಿ."

"ಯಾರು ಹೇಳಿದ್ರು ಅಕ್ಕಾರ?"

"ಯಾರ್ ಹೇಳ್ತಾರ? ಸೋಮವಾರ ನಾನ ಇಕಿನ್ನ ಗಾಲಿ ಕುರ್ಚ್ಯಾಗ ಕೂಡ್ರಿಸಿ ನೂಕ್ಕೊಂಡು ಒಳಗ ಹೋಗೀನಿ."

ಹುಡುಗಿ ವಿಳಾಸದ ಕಾಲಮ್ಮು ತೆರೆದು ಮೆಟ್ಟಿಲುಗಳನ್ನು ಅಳಿಸಿದಳು. ಗುರುವಾರವನ್ನು ಹಾಗೇ ಬಿಟ್ಟಳು.