ಒಂದು ಬೆರಳಿನ ಬಾಯಿ

ಕಮತಗಿಯ ಚಂದಪ್ಪ ಇಳಕಲ್ಲಿನ ಗ್ರಾನೈಟ್ ಪಾಲಿಶ್ ಕಾರ್ಖಾನೆ ಸೇರಿದ್ದು ಇಪ್ಪತ್ತನೆಯ ವಯಸ್ಸಿನಲ್ಲಿ. ದವಡೆಯಲ್ಲಿ ಗುಟ್ಕಾ ಇಟ್ಟುಕೊಂಡರೆ ಕಲ್ಲಿನ ಧೂಳು ಗಂಟಲಿಗೆ ಇಳಿಯುವುದಿಲ್ಲ ಎಂದು ಅಲ್ಲಿ ಯಾರೋ ಹೇಳಿದರು, ಅವನು ನಂಬಿದ. ಗುಟ್ಕಾ ಬಿಡಿ ಎನ್ನುತ್ತಿದ್ದ ಹೆಂಡತಿ ಮಲ್ಲಮ್ಮನ ಮಾತನ್ನು ಇದರ ಅರ್ಧದಷ್ಟು ನಂಬಿದ್ದರೂ ಸಾಕಿತ್ತು. ಇಪ್ಪತ್ತೆರಡು ವರ್ಷ ದವಡೆ ಖಾಲಿ ಬಿಡಲಿಲ್ಲ. ಕೆನ್ನೆಯ ಒಳಗೆಲ್ಲ ಗಟ್ಟಿಯಾಗಿ, ಬಾಯಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಬಂತು. ಮೊದಲು ಮಿರ್ಚಿ ಭಜಿ ಬಿಟ್ಟ, ಆಮೇಲೆ ಕಡಕ್ ರೊಟ್ಟಿ ಬಿಟ್ಟ. ಹಾಲಲ್ಲಿ ನೆನೆಸಿದ ರೊಟ್ಟಿಯನ್ನು ಬೆರಳಿನಿಂದ ಒಳಗೆ ತಳ್ಳಿಕೊಂಡು ನುಂಗುತ್ತಿದ್ದ. ಗುಟ್ಕಾ ಮಾತ್ರ ಬಿಡಲಿಲ್ಲ.

ಈ ವರ್ಷ ಹೊಟ್ಟೆನೋವು ಶುರುವಾಯಿತು. ಪಿತ್ತಕೋಶದಲ್ಲಿ ಹರಳಿದೆ, ಆಪರೇಷನ್ ಆಗಲೇಬೇಕು ಎಂದರು ಬಾಗಲಕೋಟೆಯ ದವಾಖಾನೆಯಲ್ಲಿ. "ಹೊರಗಿನ ಕಲ್ಲು ಸಾಲಲಿಲ್ಲೇನಲೇ, ಹೊಟ್ಟ್ಯಾಗೂ ಇಟಗೊಂಡಿ?" ಎಂದು ಜೊತೆಗಾರ ಯಂಕಪ್ಪ ನಗಾಡಿದ. ಚಂದಪ್ಪನೂ ನಕ್ಕ.

ಆ ನಗು ನಿಂತದ್ದು ಅರಿವಳಿಕೆ ಡಾಕ್ಟರ್ ತಬಸುಮ ಅವರ ಮುಂದೆ ಕುಳಿತಾಗ.

"ಬಾಯಿ ತಗೀರಿ. ಪೂರ್ತಿ ತಗೀರಿ."

"ಇಷ್ಟ ರೀ ಮೇಡಂ."

ಮೂರು ಬೆರಳು ಹಿಡಿಸಬೇಕಾದ ಬಾಯಿಯಲ್ಲಿ ಒಂದೇ ಬೆರಳು ಹೋಯಿತು. ಡಾಕ್ಟರ ಮುಖ ಸಣ್ಣದಾಯಿತು.

"ನಿದ್ದಿ ಔಷಧ ಕೊಟ್ರ ನಿಮ್ಮ ಉಸಿರು ನಿಲ್ತೈತಿ. ಗಂಟಲದಾಗ ನಳಿಗಿ ಇಳಿಸಿ ನಾವು ಉಸಿರು ಕೊಡಬೇಕು. ನಿಮ್ಮ ಬಾಯಾಗ ದಾರೀನ ಇಲ್ಲ. ಅದಕ್ಕ ನೀವು ಎಚ್ಚರ ಇದ್ದಾಗನ ಮೂಗಿನಿಂದ ಇಳಸ್ತೇವಿ. ಅಂಜಬ್ಯಾಡ್ರಿ. ಎಂಟು ದಿನ ಬಿಟ್ಟು ಬರ್ರಿ."

ಅಂಜಬೇಡಿ ಎಂದರೆ ಅಂಜಿಕೆ ಹೋಗುತ್ತದೆಯೇ? ಎಚ್ಚರವಿದ್ದಾಗಲೇ ಮೂಗಿನಲ್ಲಿ ನಳಿಕೆ! ಇಳಕಲ್ಲಿಗೆ ಮರಳುವ ಬಸ್ಸಿನಲ್ಲಿ ಕುಳಿತವನಿಗೆ ಹುನಗುಂದ ದಾಟಿದ್ದೂ ತಿಳಿಯಲಿಲ್ಲ.

ಗುಟ್ಕಾ ಅಂದೇ ಬಿಟ್ಟ. ಆದರೆ ಕಲ್ಲಿನವನ ಬುದ್ಧಿ ಕಲ್ಲಿನ ದಾರಿಯನ್ನೇ ಹಿಡಿಯಿತು. ಕ್ವಾರಿಯಲ್ಲಿ ಬೆಣೆ ಬಡಿದು ಬಡಿದು ಬಂಡೆ ಬಿಡಿಸುವುದನ್ನು ಕಂಡವನು. ಬೇವಿನ ಕಟ್ಟಿಗೆಯಿಂದ ಬೆಣೆ ಕೆತ್ತಿ, ಹಲ್ಲುಗಳ ನಡುವೆ ಇಟ್ಟು ಅಂಗೈಯಿಂದ ಗುದ್ದಿದ. ಮೂರು ಬೆರಳಿನಷ್ಟು ಬಾಯಿ ಬಿಟ್ಟರೆ ಎಲ್ಲರಂತೆ ತನ್ನನ್ನೂ ಮಲಗಿಸಿಯೇ ನಳಿಕೆ ಹಾಕುತ್ತಾರೆ ಎಂದು ಅವನ ಎಣಿಕೆ. ಮಲ್ಲಮ್ಮ ಮಗ್ಗ ಬಿಟ್ಟು ಓಡಿ ಬಂದು, "ಬಾಯಂದ್ರ ಬಂಡೆಗಲ್ಲೇನ್ರಿ, ಬಡದು ಬಿಡಸಾಕ?" ಎಂದು ಕಿತ್ತುಕೊಂಡಳು. ಇನ್ನೊಂದು ಕೆತ್ತಿಕೊಂಡ. ಏಳನೆಯ ದಿನ ಒಳಗೆ ಏನೋ ಹರಿದು ಬಾಯಿ ತುಂಬ ರಕ್ತ ಬಂತು. ಎಂಟನೆಯ ದಿನ ಕೆನ್ನೆ ಊದಿ ಕಿರುಬೆರಳೂ ಹೋಗದಾಯಿತು. ಸಾಲದ್ದಕ್ಕೆ ಚಳಿಜ್ವರ, ಹೊಟ್ಟೆಯಲ್ಲಿ ತಡೆಯಲಾಗದ ನೋವು.

"ಕೆನ್ನಿ ಯಾಕ ಬಾತೈತಿ?" ತಬಸುಮ ಕೇಳಿದರು.

"ಹಲ್ಲು ನೋವ್ರಿ."

"ಸುಳ್ಳ ರೀ ಮೇಡಂ" ಎಂದ ಮಲ್ಲಮ್ಮ ಸೆರಗಿನ ಗಂಟಿನಿಂದ ಬೆಣೆ ತೆಗೆದು ಮೇಜಿನ ಮೇಲಿಟ್ಟು, ನಡೆದದ್ದೆಲ್ಲ ಹೇಳಿದಳು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಬಾವು ಗಂಟಲಕ್ಕೂ ಇಳದಿರಬಹುದು. ಕಾಯೋಣಂದ್ರ ಪಿತ್ತಕೋಶದಾಗ ಕೀವಾಗೇತಿ, ಇವತ್ತ ಆಪರೇಷನ್ ಆಗಬೇಕು. ಮೂಗಿನಿಂದ ಆಗಲಿಲ್ಲಂದ್ರ ಉಸಿರಿಗೆ ಕೊರಳಾಗ ತೂತು ಮಾಡಾಕ ಇನ್ನೊಬ್ಬರು ಡಾಕ್ಟರ್ ಬಾಜೂಕ ನಿಂತಿರ್ತಾರ."

ಆಪರೇಷನ್ ಕೋಣೆಯಲ್ಲಿ ಚಂದಪ್ಪನನ್ನು ಅರ್ಧ ಕೂತಂತೆ ಮಲಗಿಸಿದರು. ನೋಡಬಾರದು ಎಂದುಕೊಂಡೇ ಪಕ್ಕದ ಡಾಕ್ಟರ ಕೈಯಲ್ಲಿದ್ದ ಚಾಕು ನೋಡಿದ. ಮರಗಟ್ಟಿಸುವ ಔಷಧ ಸಿಂಪಡಿಸಿದಾಗ ಗಂಟಲೇ ಇಲ್ಲದಂತಾಯಿತು. ಉಸಿರು ಕಟ್ಟಿತೆಂದು ಮೇಜಿನ ಅಂಚು ಬಿಗಿಯಾಗಿ ಹಿಡಿದ.

"ಉಸಿರು ಆಡಾಕತ್ತೈತಿ, ನಾ ನೋಡಾಕತ್ತೇನಿ" ಎಂದರು ತಬಸುಮ. "ಹೆಸರು ಹೇಳ್ರಿ."

"ಚಂದಪ್ಪ."

ತೆಳ್ಳನೆಯ ನಳಿಕೆ ಮೂಗಿನೊಳಗೆ ಜರುಗಿತು.

"ಇನ್ನೊಮ್ಮೆ."

"ಚಂದ..."

ಕೆಮ್ಮು ಉಕ್ಕಿ ಬಂತು. ಹೆದರಿ ಮಲ್ಲಮ್ಮನನ್ನು ಕೂಗಿದ. ತುಟಿ ಅಲುಗಿತು, ದನಿ ಬರಲಿಲ್ಲ. ಇದ್ದಬದ್ದ ಶಕ್ತಿ ಹಾಕಿ ಮತ್ತೆ ಕೂಗಿದ. ಬರೀ ಗಾಳಿ. ಸತ್ತೇ ಹೋದೆ ಎಂದುಕೊಂಡ. ಕಣ್ಣೀರು ಹರಿದು ಕಿವಿಗೆ ಇಳಿಯಿತು.

ತಬಸುಮ ಬಗ್ಗಿ ಅವನ ಹಣೆ ಒರೆಸಿದರು.

"ದನಿ ಹೋತಲ್ಲ? ಹೋಗಬೇಕು. ನಳಿಗಿ ದನಿ ಹುಟ್ಟೋ ಜಾಗಾ ದಾಟಿ ಉಸಿರಿನ ದಾರ್ಯಾಗ ಕುಂತೈತಿ. ಉಳಕೊಂಡ್ರಿ ಚಂದಪ್ಪ, ಇನ್ನ ಮಲಕೋರಿ."